ಕಾಕಾನ ಆಟ, ನನ್ನ ಎಡಗೈ

ಖಡಕಿಯ ನಮ್ಮ ಕ್ವಾರ್ಟರ್ಸಿನ ಗೋಡೆಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಮೊಳೆ ಇತ್ತು. ಅಪ್ಪನ ಮೊಳೆಗೆ ಫ್ಯಾಕ್ಟರಿ ಗೇಟಿನ ಪಾಸು ಮತ್ತು ಕೊಡೆ, ಅವ್ವನ ಮೊಳೆಗೆ ಬಜಾರದ ಚೀಲ, ಆಯಿ ಎಂದು ನಾವು ಕರೆಯುತ್ತಿದ್ದ ಅಜ್ಜಿಯ ಮೊಳೆಗೆ ವಿಭೂತಿಯ ಪುಟ್ಟ ಸಂಚಿ, ನನ್ನದಕ್ಕೆ ಪಾಟಿಚೀಲ. ಮೊಳೆ ಹೊಡೆದವನು ಅಪ್ಪ. ಅವನು ಫ್ಯಾಕ್ಟರಿಯಲ್ಲಿ ಗುಮಾಸ್ತ. ಯಾವ ವಸ್ತು ಎಲ್ಲಿರಬೇಕೋ ಅಲ್ಲಿರಬೇಕು, ಯಾವ ಮನುಷ್ಯ ಎಲ್ಲಿರಬೇಕೋ ಅಲ್ಲಿರಬೇಕು ಎನ್ನುವ ಸ್ವಭಾವ. ಅವನ ತಮ್ಮ ಶಿವು ಕಾಕಾನಿಗೆ ಮಾತ್ರ ಮೊಳೆ ಇರಲಿಲ್ಲ. ವಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಮುತ್ತ್ಯಾ, ಅಂದರೆ ಅಜ್ಜ, ತೀರಿಕೊಂಡ ಮೇಲೆ ಆಯಿ ಮತ್ತು ಕಾಕಾ ನಮ್ಮ ಜೊತೆ ಇರಲು ಪುಣೆಗೆ ಬಂದರು. ಆಯಿಗೆ ದೇವರ ಜಗಲಿಯ ಪಕ್ಕದ ಮೂಲೆ ಸಿಕ್ಕಿತು. ಕಾಕಾನಿಗೆ ಹಿಂದಿನ ಗ್ಯಾಲರಿ ಸಿಕ್ಕಿತು. ಗ್ಯಾಲರಿ ಎಂದರೆ ಒಂದು ಕಟ್ಟೆ, ಮೇಲೊಂದು ತಗಡು, ಮುಂದೆ ತುಕ್ಕು ಹಿಡಿದ ಜಾಳಿಗೆ. ಅಲ್ಲಿ ಅವನ ಕಬ್ಬಿಣದ ಟ್ರಂಕು, ಆಯಿ ಹೊಲಿದ ಒಂದು ಕೌದಿ, ಹಗ್ಗದ ಮೇಲೆ ಯಾವಾಗಲೂ ಒಣಗುತ್ತಿದ್ದ ಚಡ್ಡಿ, ಬನಿಯನ್ನು. ನಾಲ್ಕು ದಿನದ ಮಾತು, ನೌಕರಿ ಹತ್ತಿದ ಮೇಲೆ ಅವನೇ ಬೇರೆ ಮನೆ ಮಾಡಿಕೊಳ್ಳುತ್ತಾನೆ ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದ. ಆ ನಾಲ್ಕು ದಿನವೇ ನನ್ನ ಬಾಲ್ಯದ ದೊಡ್ಡ ಪಾಲಾಯಿತು.

ನಾನು ಒಬ್ಬಳೇ ಮಗಳು. ಶಾಲೆ ಮರಾಠಿ, ಮನೆ ಕನ್ನಡ. ಓಣಿಯ ಹುಡುಗಿಯರಿಗೆ ನಾನು ‘ಕಾನಡಿ’. ಕುಂಟಾಬಿಲ್ಲೆಯಲ್ಲಿ ಒಬ್ಬರು ಕಡಿಮೆ ಬಿದ್ದಾಗ ಮಾತ್ರ ಕರೆಯುತ್ತಿದ್ದರು, ಆಟ ಮುಗಿದ ಮೇಲೆ ಯಾರ ಮನೆಗೂ ಕರೆಯುತ್ತಿರಲಿಲ್ಲ. ಅವ್ವನಿಗೆ ಅಡುಗೆಮನೆ, ಅಪ್ಪನಿಗೆ ಫ್ಯಾಕ್ಟರಿಯ ಭೋಂಗಾ. ಅದು ಕೂಗಿದಾಗ ಏಳುವುದು, ಕೂಗಿದಾಗ ಹೊರಡುವುದು, ಕೂಗಿದ ಮೇಲೆ ಬರುವುದು. ಮನೆಗೆ ಇಬ್ಬರು ಹೆಚ್ಚಾದಾಗ ನನ್ನ ಜೊತೆ ಮಾತಾಡುವವರು ಸಿಕ್ಕರು ಎಂದು ಕುಣಿದಾಡಿದ್ದೆ. ಆಯಿ ಮಾತಾಡಿದಳು. ಕಾಕಾ ಮಾತಾಡಲಿಲ್ಲ. ಅಣ್ಣನ ಮನೆಯಲ್ಲಿ ಉಣ್ಣುವವನಿಗೆ ಇರುವ ಸಂಕೋಚ ಅವನಿಗೆ ಮೈತುಂಬ ಇತ್ತು. ರೊಟ್ಟಿ ಇನ್ನೊಂದು ಬೇಕಾದರೂ ಕೇಳುತ್ತಿರಲಿಲ್ಲ, ಬುಟ್ಟಿಯ ಕಡೆ ನೋಡುತ್ತಲೂ ಇರಲಿಲ್ಲ. ಆಯಿ ಅದನ್ನು ಬಲ್ಲವಳಾದ್ದರಿಂದ ತನ್ನ ತಟ್ಟೆಯ ರೊಟ್ಟಿಯನ್ನು ಮುರಿದು ಅವನ ತಟ್ಟೆಗೆ ಹಾಕುತ್ತಿದ್ದಳು. ಅವ್ವನಿಗೆ ಇದರಿಂದ ಸಿಟ್ಟು, ನಾನೇನು ಇವರಿಗೆ ಹೊಟ್ಟೆಗೆ ಹಾಕುವುದಿಲ್ಲವೇ ಎಂದು. ಹೀಗೆ ರೊಟ್ಟಿಯ ಮೇಲಿನ ಜಗಳ ಬಾಯಿಗೆ ಬಾರದೆ ಹಾಗೆಯೇ ವರ್ಷಗಟ್ಟಲೆ ನಡೆಯಿತು.

ನೌಕರಿ ಹುಡುಕಲು ಬಂದ ಕಾಕಾನಿಗೆ ಮೊದಲು ಸಿಕ್ಕಿದ್ದು ಮೈದಾನ. ರೈಲು ಹಳಿಯ ಬದಿಗೆ ಒಂದು ಕಬಡ್ಡಿ ಮಂಡಳಿಯ ಅಂಗಳ ಇತ್ತು. ಮಣ್ಣು ಜರಡಿ ಹಿಡಿದು, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದ ಅಂಗಳ. ಊರಲ್ಲಿ ಅವನು ಹೊಲದಲ್ಲಿ ಆಡಿದ್ದ ಆಟವನ್ನು ಇಲ್ಲಿ ಸೀಟಿ ಊದಿ, ತೀರ್ಪು ಕೊಡುವ ಪಂಚರನ್ನಿಟ್ಟು ಆಡುತ್ತಿದ್ದರು. ಹಗಲು ಒಂದು ವರ್ಕ್‌ಶಾಪಿನಲ್ಲಿ ಲೇಥಿನ ಮುಂದೆ ನಿಲ್ಲುತ್ತಿದ್ದ, ಸಂಜೆ ಮೈದಾನ. ಚೆನ್ನಾಗಿ ಆಡಿದವರನ್ನು ಕಂಪನಿಗಳು ತಮ್ಮ ತಂಡಕ್ಕೆ ತೆಗೆದುಕೊಂಡು ಕಾಯಂ ನೌಕರಿ ಕೊಡುತ್ತವೆ ಎಂದು ಅವನ ಗೆಳೆಯ ಬಾಳ್ಯಾ ತಲೆಯಲ್ಲಿ ತುಂಬಿದ್ದ. ಅದು ಸುಳ್ಳೂ ಆಗಿರಲಿಲ್ಲ. ಆದರೆ ಅಪ್ಪನ ದೃಷ್ಟಿಯಲ್ಲಿ ಚಡ್ಡಿ ಹಾಕಿಕೊಂಡು ಮಣ್ಣಲ್ಲಿ ಹೊರಳುವುದಕ್ಕೂ ನೌಕರಿಗೂ ಸಂಬಂಧ ಇರಲಿಲ್ಲ. ಅದರ ಮೇಲೆ ಕೋಚ್ ಮೊಟ್ಟೆ ತಿನ್ನಲು ಹೇಳಿದ್ದ. ನಮ್ಮದು ಮೊಟ್ಟೆಯ ಹೆಸರನ್ನೂ ಎತ್ತದ ಲಿಂಗವಂತರ ಮನೆ. ಕಾಕಾ ಬಾಳ್ಯಾನ ಮನೆಯಲ್ಲಿ ತಿಂದು, ತುಳಸಿ ಅಗಿದು ಬರುತ್ತಾನೆಂದು ಅಪ್ಪನಿಗೆ ಅನುಮಾನ. ಒಂದು ಸಂಜೆ ಬಾಗಿಲಲ್ಲೇ ತಡೆದ.

"ಬಾಯಿ ತೆಗಿ."

"ಯಾಕಣ್ಣಾ?"

"ತೆಗಿ ಅಂದ್ನೆಲ್ಲ. ತುಳಸಿ ವಾಸನಿ ಬರಾಕತ್ತೇದ. ಸಂಜಿ ಹೊತ್ತಿಗೆ ತುಳಸಿ ಯಾರು ತಿಂತಾರ?"

"ಕೆಮ್ಮ ಆಗೇದ."

"ಕೆಮ್ಮು, ನೋಡೂಣು."

ಕಾಕಾ ಕೆಮ್ಮಿದ. ಆಯಿ ಮೂಲೆಯಿಂದ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಪ್ಪ ಒಳಗೆ ಬಿಟ್ಟ. ಮೊಟ್ಟೆಯ ಮಾತು ಅಲ್ಲಿಗೆ ಮುಗಿಯಿತು. ಹೊಟ್ಟೆಯೊಳಗೆ ಹೋದದ್ದನ್ನು ಕಣ್ಣಿಗೆ ಕಾಣದಿರುವ ತನಕ ಸಹಿಸಿಕೊಳ್ಳಬಲ್ಲವಳಾಗಿದ್ದಳು ಆಯಿ. ಅವಳು ಸಹಿಸಲಾರದ್ದು ಬೇರೊಂದಿತ್ತು.

ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ. ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವ ತನಕ ಮೈಬಿಟ್ಟು ಅಗಲಬಾರದು. ಆಯಿಯ ಎಲ್ಲ ಧರ್ಮವೂ ಈ ಒಂದು ಮಾತಿನಲ್ಲಿ ಇತ್ತು. ಆದರೆ ಕಬಡ್ಡಿಯಲ್ಲಿ ಕೊರಳಿಗೆ ಏನೂ ಇರುವಂತಿಲ್ಲ. ತಾಯಿತ, ಸರ, ದಾರ, ಎಲ್ಲವನ್ನೂ ಪಂಚರು ತೆಗೆಸುತ್ತಾರೆ, ಹಿಡಿದೆಳೆದಾಗ ಕುತ್ತಿಗೆಗೆ ಕುಯ್ಯುತ್ತದೆಂದು. ಅಭ್ಯಾಸದ ಆಟದಲ್ಲಿ ಕಾಕಾ ಅದನ್ನು ಬನಿಯನ್ನಿನೊಳಗೆ ಸೊಂಟಕ್ಕೆ ಬಿಗಿದು ಹೇಗೋ ನಿಭಾಯಿಸಿದ್ದ. ಮೊದಲ ದೊಡ್ಡ ಪಂದ್ಯದ ದಿನ ಪಂಚರು ಮೈ ತಡವಿ ನೋಡಿ ತೆಗೆ ಎಂದರು. ಬಾಳ್ಯಾ ಬದಿಯಲ್ಲಿ ನಿಂತಿದ್ದ, ಅವನ ಕೈಗೆ ಕೊಟ್ಟು ಕಾಕಾ ಒಳಗೆ ಹೋದ. ಪಂದ್ಯ ಗೆದ್ದರು. ಆ ಸಂತೋಷಕ್ಕೆ ಆಯಿಯೇ ಬಾಳ್ಯಾನನ್ನು ಊಟಕ್ಕೆ ಕರೆಸಿದಳು, ಶೇಂಗಾ ಹೋಳಿಗೆ ಮಾಡಿಸಿದಳು. ಅಡುಗೆಮನೆಯ ನೆಲದ ಮೇಲೆ ಕೂತು, ತುಪ್ಪ ಸುರಿಸಿಕೊಂಡು ತಿನ್ನುತ್ತ ಬಾಳ್ಯಾ ತನ್ನ ಜವಾಬ್ದಾರಿಯನ್ನು ತಾನೇ ಹೊಗಳಿಕೊಂಡ. ಪಾಪ, ಒಳ್ಳೆಯ ಹುಡುಗ. ಕಳೆಯಬಾರದೆಂದು ಕರವಸ್ತ್ರದಲ್ಲಿ ಸುತ್ತಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟಿದ್ದನಂತೆ.

"ಆಯೀ, ಕಾಳಜೀ ಕರೂ ನಕಾ. ಮೀ ಬುಟಾತ ಠೇವಲಂ ಹೋತಂ."

ಆಯಿಗೆ ಮರಾಠಿ ಬಜಾರಕ್ಕೆ ಬೇಕಾದಷ್ಟೇ ಬರುತ್ತಿತ್ತು. ಬೂಟಿನಲ್ಲಿ ಇಟ್ಟಿದ್ದೆ ಎಂಬುದು ತಿಳಿಯಲು ಅಷ್ಟು ಸಾಕಾಯಿತು. ಅವಳು ಹುಡುಗನಿಗೆ ಇನ್ನೊಂದು ಹೋಳಿಗೆ ಬಡಿಸಿದಳು, ಬಾಗಿಲ ತನಕ ಕಳಿಸಿ ಬಂದಳು. ಆಮೇಲೆ ಜಗಲಿಯ ಮುಂದೆ ಕೂತವಳು ನೀರು ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ. ಅಪ್ಪ ತಮ್ಮನಿಗೆ ಬಾಯಿಗೆ ಬಂದಂತೆ ಬೈದ, ಅವ್ವ ಅತ್ತಳು, ಕಾಕಾ ಗ್ಯಾಲರಿಯಲ್ಲಿ ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದ. ಕೊನೆಗೆ ಅಪ್ಪ ಫ್ಯಾಕ್ಟರಿಗೆ ರಜೆ ಹಾಕಿ ಪೇಟೆಯ ಕಡೆಯಿಂದ ವಯಸ್ಸಾದ ಒಬ್ಬ ಜಂಗಮ ಅಯ್ಯನವರನ್ನು ಕರೆತಂದ. ಆಯಿ ಅವರ ಎದುರೇ ಮಗನನ್ನು ಕೇಳಿದಳು.

"ಆಟ ಬಿಡ್ತೀಯೋ, ಲಿಂಗ ಬಿಡ್ತೀಯೋ? ಒಂದ ಹೇಳು."

"ಎರಡೂ ಬಿಡಾಂಗಿಲ್ಲ ಅವ್ವಾ."

ಕಾಕಾ ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಯ್ಯನವರು ಗಡ್ಡ ನೀವಿಕೊಂಡರು.

"ತೆಗೀಬಾರದು, ಅದು ಮೊದಲನೇ ಮಾತು. ತೆಗೀಲೇಬೇಕಾತು ಅಂದ್ರ, ಲಿಂಗ ಇದ್ದವರ ಅಂಗೈಯಾಗ ಇರ್ಲಿ. ನೆಲಕ್ಕ ಇಡಬ್ಯಾಡ್ರಿ, ಚೀಲಕ್ಕ ಹಾಕಬ್ಯಾಡ್ರಿ. ತಿರುಗಿ ಬಂದು ಕಟ್ಕೊಳ್ಳೂತನಕ ಹಿಡದವರು ಏಳಬಾರದು."

ಯಾವ ಶಾಸ್ತ್ರದಲ್ಲಿ ಹೀಗಿದೆಯೋ ನನಗೆ ಇಂದಿಗೂ ಗೊತ್ತಿಲ್ಲ. ಹಸಿದ ಮುದುಕಿಗೂ ಹಟಮಾರಿ ಮಗನಿಗೂ ನಡುವೆ ಆ ಹೊತ್ತಿಗೆ ಆ ಹಿರಿಯರಿಗೆ ಹೊಳೆದ ದಾರಿ ಅದಾಗಿರಬಹುದು. ಆಯಿ ನೀರು ಕುಡಿದಳು. ಹಿಡಿಯುವವರು ಯಾರು ಎಂಬ ಪ್ರಶ್ನೆ ಬಂತು. ಅಪ್ಪ ಮೈದಾನದ ಕಡೆ ಕಾಲೂ ಇಡಲಾರೆ ಎಂದ. ತನ್ನ ಆಫೀಸಿನವರು ನೋಡಿದರೆ ಏನೆಂದಾರು ಎಂದು ಅವನ ಚಿಂತೆ. ಅವ್ವನಿಗೆ ಒಲೆ ಬಿಟ್ಟು ಹೋಗುವಂತಿಲ್ಲ. ಚಡ್ಡಿಯ ಗಂಡಸರ ಮುಂದೆ ಆಯಿ ಕೂರುವವಳಲ್ಲ. ಎಲ್ಲರ ಕಣ್ಣೂ ಒಟ್ಟಿಗೆ ನನ್ನ ಮೇಲೆ ಬಿತ್ತು.

ಹಾಗೆ ನಾನು ಪುಣೆಯ ಮಣ್ಣಿನ ಅಂಗಳಗಳನ್ನು ನೋಡಿದೆ. ಪಂದ್ಯದ ದಿನ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು, ಕಾಕಾನ ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂತು ಹೋಗುತ್ತಿದ್ದೆ. ಬಾಳ್ಯಾ ಗೆರೆಯ ಆಚೆ ಒಂದು ಗೋಣಿ ಹಾಸುತ್ತಿದ್ದ. ಸೀಟಿಗೆ ಮುಂಚೆ ಕಾಕಾ ಬಂದು, ತಲೆ ಬಗ್ಗಿಸಿ, ದಾರವನ್ನು ಕೊರಳಿಂದ ತೆಗೆದು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ನನ್ನ ಎಡ ಅಂಗೈಯಲ್ಲಿ ಇಡುತ್ತಿದ್ದ. ಅದು ಅವನ ಎದೆಯ ಕಾವಿನಿಂದ ಬೆಚ್ಚಗಿರುತ್ತಿತ್ತು, ಒಂದು ನಿಂಬೆಹಣ್ಣಿನಷ್ಟು ಭಾರ. ಆಮೇಲೆ ನನ್ನ ಕೈ ನನ್ನದಲ್ಲ. ಎಡಗೈ ಮಡಿಲಲ್ಲಿ, ಬಲಗೈ ಅದರ ಮೇಲೆ ಮುಚ್ಚಿಕೊಂಡು ಕೂರಬೇಕು. ಏಳುವಂತಿಲ್ಲ, ತಿನ್ನುವಂತಿಲ್ಲ, ಇರುವೆ ಕಚ್ಚಿದರೆ ಕೆರೆದುಕೊಳ್ಳುವಂತಿಲ್ಲ. ಸುತ್ತ ಇದ್ದವರು ಸೀಟಿ ಹೊಡೆದು, ಚಪ್ಪಾಳೆ ತಟ್ಟಿ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ನಾನು ಮಾತ್ರ ಪೂಜೆಗೆ ಕೂತವಳಂತೆ ಕೂತಿರುತ್ತಿದ್ದೆ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಆಮೇಲೆ ನಾನು ಎಲ್ಲಿಯೂ ಕೂತಿಲ್ಲ. ಒಮ್ಮೆ ಎದುರು ತಂಡದ ನಾಯಕ, ಈ ಹುಡುಗಿ ಕೈಯಲ್ಲಿ ಏನೋ ಮಾಟ ಇಟ್ಟುಕೊಂಡಿದ್ದಾಳೆ, ಎಬ್ಬಿಸಿ ಎಂದು ತಕರಾರು ಮಾಡಿದ. ಪಂಚರು ಬಂದು ಕೈ ತೋರಿಸಲು ಹೇಳಿದರು. ನಾನು ಮೇಲಿನ ಕೈ ತೆಗೆದೆ. ಅವರು ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು ಕೈಮುಗಿದು ಹೋದರು. ಆ ನಾಯಕನೂ ಆಮೇಲೆ ನನ್ನ ಗೋಣಿಯ ಕಡೆ ಬರಲಿಲ್ಲ.

ಸತ್ಯ ಹೇಳಬೇಕೆಂದರೆ ಕಬಡ್ಡಿ ನನಗೆ ಯಾವತ್ತೂ ಇಷ್ಟವಾಗಲಿಲ್ಲ. ಬಿಸಿಲು, ಧೂಳು, ಒಂದೇ ಉಸಿರಿನ ಗೊಣಗಾಟ. ನನಗೆ ಇಷ್ಟವಾದದ್ದು ಕಾಕಾ. ಮನೆಯಲ್ಲಿ ಬಾಗಿಲಿಗೂ ದಾರಿ ಬಿಟ್ಟು ನಡೆಯುತ್ತಿದ್ದ ಮನುಷ್ಯ ಅಲ್ಲಿ ಎಡಮೂಲೆಯಲ್ಲಿ ನಿಂತು ಇಡೀ ತಂಡಕ್ಕೆ ಮರಾಠಿಯಲ್ಲಿ ಹುಕುಂ ಕೊಡುತ್ತಿದ್ದ. ದಾಳಿಗೆ ಬಂದವನು ಎಲ್ಲರನ್ನೂ ಬೆದರಿಸಿ ಇತ್ತ ತಿರುಗುವುದನ್ನು ಕಾಯುತ್ತಿದ್ದ. ಅವನ ಹಿಮ್ಮಡಿ ಎದ್ದ ಕ್ಷಣಕ್ಕೆ ನೆಲಕ್ಕೆ ಬಿದ್ದು ಹಿಡಿಯುತ್ತಿದ್ದ. ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಐದಾರು ಜನ ಮೇಲೆ ಬಿದ್ದು, ಧೂಳು ಅಡಗಿ, ಎಲ್ಲಕ್ಕಿಂತ ಕೆಳಗಿನಿಂದ ಅವನ ತಲೆ ಹೊರಗೆ ಬಂದಾಗ ಮೊದಲು ನನ್ನ ಕಡೆ ನೋಡುತ್ತಿದ್ದ. ಲಿಂಗ ಸರಿಯಾಗಿದೆಯೇ ಎಂದು ನೋಡುತ್ತಿದ್ದನೋ, ನಾನು ನೋಡಿದೆನೇ ಎಂದು ನೋಡುತ್ತಿದ್ದನೋ, ನಾನು ಎರಡನೆಯದೇ ಎಂದುಕೊಳ್ಳುತ್ತಿದ್ದೆ. ಬರುವಾಗ ಹಳಿಯ ಹತ್ತಿರ ಕಬ್ಬಿನ ಹಾಲು ಕುಡಿಸುತ್ತಿದ್ದ. ಒಂದು ಸಲ ಊಟದ ಹೊತ್ತಿಗೆ ಇದನ್ನೆಲ್ಲ ಮನೆಯವರಿಗೆ ಹೇಳಲು ಹೋದೆ. ಅಪ್ಪಾ, ಕಾಕಾ ಇವತ್ತು ಅವರ ದೊಡ್ಡ ಆಟಗಾರನನ್ನು ಕೆಡವಿದ ಎಂದೆ. ಅಪ್ಪ ತಲೆ ಎತ್ತದೆ ಝುಣಕ ಆರುತ್ತದೆ, ಉಣ್ಣು ಎಂದ. ಕಾಕಾ ತನ್ನ ತಟ್ಟೆ ನೋಡಿಕೊಂಡು ಕೂತಿದ್ದ. ಆ ಮೈದಾನದ ಮನುಷ್ಯ ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತು ಎಂದು ಅಂದು ತಿಳಿಯಿತು. ಹೆಮ್ಮೆಯೂ ಆಯಿತು, ಹೇಳಿಕೊಳ್ಳಲು ಯಾರೂ ಇಲ್ಲವೆಂದು ದುಃಖವೂ ಆಯಿತು.

ನಾನು ದೊಡ್ಡವಳಾದ ವರ್ಷ ಅದು ನಿಂತಿತು.

"ಇನ್ನ ಸಾಕರಿ ಅತ್ತೀ," ಎಂದು ಅವ್ವ ಆಯಿಗೆ ಹೇಳಿದಳು. "ಅಷ್ಟ ಗಂಡಸರ ನಡಕ ಇನ್ನ ಹೆಂಗ ಕೂಡ್ತಾಳ? ನಾಳೆ ಮಂದಿ ಏನಂದಾರು?"

ಅದೇ ವಾರ ನಿಗಡಿಯ ಕಡೆಯ ಒಂದು ಕಂಪನಿ ತನ್ನ ತಂಡಕ್ಕೆ ಆಟಗಾರರನ್ನು ಆರಿಸುವುದಿತ್ತು. ಕಾಕಾ ಅದಕ್ಕಾಗಿಯೇ ಅಷ್ಟು ವರ್ಷ ಮಣ್ಣು ತಿಂದಿದ್ದ. ಆರಿಸುವ ದಿನ ಬೆಳಿಗ್ಗೆ ಸ್ನಾನ ಮಾಡಿ, ಚಡ್ಡಿ ಬನಿಯನ್ನಿನ ಚೀಲ ಹಿಡಿದು, ಹೊರಗೂ ಹೋಗದೆ ಒಳಗೂ ಬಾರದೆ ಹೊಸ್ತಿಲ ಮೇಲೆ ನಿಂತಿದ್ದ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ, ನನ್ನನ್ನು ಕರೆಯಲಿ ಎಂದು.

"ಇಲ್ಲೆ ಬಾ," ಎಂದು ಆಯಿ ಕರೆದಳು. "ನನ್ನ ಕೈಯಾಗ ಕೊಟ್ಟು ಹೋಗು. ಮೈದಾನದಾಗ ಕೂಡಬೇಕು ಅಂತ ಅಯ್ಯನವರು ಹೇಳಿಲ್ಲ."

ಕಾಕಾ ತಲೆ ಬಗ್ಗಿಸಿ ದಾರ ತೆಗೆದು ಅವಳ ಅಂಗೈಯಲ್ಲಿಟ್ಟು ಹೋದ. ಆಯಿ ಜಗಲಿಯ ಪಕ್ಕ ಗೋಡೆಗೆ ಒರಗಿ ಕೂತಳು. ಮೈದಾನದಲ್ಲಿ ಆಟ ಮುಗಿಯುವುದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಕೂತವಳಿಗೆ ಬಸ್ಸೂ ಆಟ, ಮಳೆಯೂ ಆಟ, ರೈಲಿನ ಗೇಟು ಬಿದ್ದದ್ದೂ ಆಟ. ಅಂದು ಅವಳು ಉಣ್ಣಲಿಲ್ಲ, ಮಗ್ಗುಲು ಬದಲಿಸಲಿಲ್ಲ. ಅವ್ವ ಚಹಾ ತಂದರೆ ತಲೆಯಾಡಿಸಿದಳು. ಸಂಜೆ ಕಾಕಾ ಓಡುತ್ತಲೇ ಬಂದ. ಮೊಣಕೈ ತರಚಿ ರಕ್ತ ಒಣಗಿತ್ತು. ಆರಿಸಿದ್ದಾರೆ ಎಂದು ಹೇಳಲು ಅವನಿಗೆ ಉಸಿರಿರಲಿಲ್ಲ. ಆಯಿ ಕೇಳಲೂ ಇಲ್ಲ. ಅವನು ಬಗ್ಗಿದ, ಅವಳು ಕೊರಳಿಗೆ ಹಾಕಿದಳು. ಆಮೇಲೆ ಮಡಚಿದ ಕಾಲು ಬಿಡಿಸಲು ಬಾರದೆ ನಮ್ಮಿಬ್ಬರ ಹೆಗಲು ಹಿಡಿದು ಎದ್ದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಅದು ನನ್ನ ಕೆಲಸವಾಗಿತ್ತು.

ಕಾಕಾ ನಿಗಡಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದ. ಗ್ಯಾಲರಿಯಲ್ಲಿ ಅವ್ವ ಜೋಳದ ಡಬ್ಬಿಗಳನ್ನು ಇಟ್ಟಳು. ಪಂದ್ಯ ಎಲ್ಲೇ ಇರಲಿ, ಮೊದಲು ಬಸ್ಸು ಹಿಡಿದು ಖಡಕಿಗೆ ಬಂದು ಆಯಿಯ ಕೈಗೆ ಕೊಟ್ಟು, ಆಟ ಮುಗಿಸಿ ಮತ್ತೆ ಖಡಕಿಗೆ ಬಂದು ಕಟ್ಟಿಕೊಂಡು, ಆಮೇಲೆ ತನ್ನ ಖೋಲಿಗೆ ಹೋಗುತ್ತಿದ್ದ. ಪಂದ್ಯ ನಿಗಡಿಯಲ್ಲೇ ಇದ್ದರೂ ಹಾಗೆಯೇ. ಊರು ಬಿಟ್ಟು ಹೋಗಿ ಆಡುವ ಪಂದ್ಯಗಳಿಗೆ ಹೋಗುತ್ತಲೇ ಇರಲಿಲ್ಲ, ಅಷ್ಟು ದಿನ ಆಯಿ ಕೂರಲಾರಳೆಂದು. ಇದರಿಂದ ತಂಡದಲ್ಲಿ ಅವನು ಮುಂದೆ ಬರಲಿಲ್ಲ. ಅವನಿಗಿಂತ ಕಡಿಮೆಯವರು ರಾಜ್ಯದ ತಂಡಕ್ಕೆ ಹೋದರು ಎಂದು ಬಾಳ್ಯಾ ಎಷ್ಟೋ ವರ್ಷ ಹಲುಬುತ್ತಿದ್ದ. ಕಾಕಾ ಹಲುಬಿದ್ದು ನಾನು ಕೇಳಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಈ ಹಂಗಾಮು ಮುಗಿಯಲಿ ಎನ್ನುತ್ತಿದ್ದ, ಹಂಗಾಮು ಮುಗಿಯುವ ಹೊತ್ತಿಗೆ ಹುಡುಗಿಯ ಮದುವೆ ಬೇರೆಲ್ಲೋ ಆಗಿರುತ್ತಿತ್ತು.

ಆಯಿ ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡಳು. ಇನ್ನು ಕಾಕಾ ಆ ಕ್ರಮ ಬಿಡಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಅವಳ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ರವಿವಾರ ಬೆಳಿಗ್ಗೆ ಚೀಲ ಹಿಡಿದು ಬಂದು ಹೊಸ್ತಿಲಲ್ಲಿ ನಿಂತ. ಒಳಗೆ ಬರಲು ಸಂಕೋಚ, ಮೊದಲ ದಿನದ್ದೇ ಸಂಕೋಚ.

"ಗಿರಿಜಾ, ಖಾಲಿ ಇದ್ದಿಯೇನು?"

ನಾನು ಖಾಲಿ ಇದ್ದೆ. ಆ ದಿನಗಳಲ್ಲಿ ನನಗಿಂತ ಖಾಲಿಯಾಗಿದ್ದವರು ಪುಣೆಯಲ್ಲಿ ಯಾರೂ ಇರಲಿಲ್ಲ. ಆಯಿ ಕೂರುತ್ತಿದ್ದಲ್ಲೇ ಕೂತೆ. ಅವಳು ಬೆನ್ನು ಒರಗಿಸುತ್ತಿದ್ದ ಕಡೆ ಗೋಡೆಯ ಸುಣ್ಣ ಸವೆದು ನುಣುಪಾಗಿತ್ತು. ಎರಡು ಹಂಗಾಮು ಹಾಗೆ ನಡೆಯಿತು. ಆಮೇಲೆ ಅವನ ಮೊಣಕಾಲು ಕೆಟ್ಟಿತು. ಕಂಪನಿ ಕಬಡ್ಡಿಯ ತಂಡವನ್ನೇ ಕೈಬಿಟ್ಟು, ಅವನನ್ನು ಸ್ಟೋರಿಗೆ ಹಾಕಿತು. ಈಗ ಮನುಷ್ಯನಾದ ಎಂದು ಅಪ್ಪ ಸಮಾಧಾನಪಟ್ಟ. ಕಾಕಾ ಬರುವುದು ನಿಂತಿತು. ಅವನಿಗೆ ಇನ್ನು ಕೊರಳು ಖಾಲಿ ಮಾಡುವ ಅಗತ್ಯವಿರಲಿಲ್ಲ, ಹಾಗಾಗಿ ನನ್ನ ಅಗತ್ಯವೂ ಇರಲಿಲ್ಲ. ರವಿವಾರ ಬೆಳಿಗ್ಗೆ ಗೇಟಿನ ಸದ್ದಾದರೆ ನಾನು ಎದ್ದು ನೋಡುತ್ತಿದ್ದೆ, ಹಾಲಿನವನೋ, ಇಸ್ತ್ರಿಯವನೋ ಇರುತ್ತಿದ್ದ. ನೌಕರಿ ಸೇರಿದ ಮೇಲೆ ಒಮ್ಮೆ ನಾನೇ ನಿಗಡಿಗೆ ಹೋದೆ. ಅನ್ನ ಸಾರು ಮಾಡಿ ಹಾಕಿದ. ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು, ಇಬ್ಬರೂ ಅದನ್ನು ನೋಡುತ್ತ ಉಂಡೆವು. ಹತ್ತಿರದ ಮೈದಾನದಲ್ಲಿ ಹುಡುಗರಿಗೆ ಹಿಡಿತ ಕಲಿಸಲು ಹೋಗುತ್ತೇನೆ ಎಂದ. ಇಡೀ ಮಧ್ಯಾಹ್ನ ಅವನು ಆಡಿದ ದೊಡ್ಡ ಮಾತು ಅದೊಂದೇ. ಬಸ್ಸಿನಲ್ಲಿ ಹಿಂದೆ ಬರುವಾಗ ಇಬ್ಬರು ಒಂಟಿ ಮನುಷ್ಯರು ಒಂದೇ ಕಡೆ ಕೂತರೆ ಒಂಟಿತನ ಕಡಿಮೆಯಾಗುವುದಿಲ್ಲ ಎಂದು ನನಗೆ ಅನಿಸಿತು.

ಆ ಹುಡುಗರಿಗೆ ಕಲಿಸುವಾಗಲೇ ಅವನಿಗೆ ಹೊಟ್ಟೆಯ ಬಲಭಾಗದಲ್ಲಿ ನೋವು ಬಂದದ್ದು. ಸ್ನಾಯು ಸೆಳೆದಿದೆ ಎಂದುಕೊಂಡ. ಆಟಗಾರ ಮಾಡುವ ತಪ್ಪೇ ಅದು, ಅವನಿಗೆ ಎಲ್ಲ ನೋವೂ ಸ್ನಾಯುವಿನದೇ. ಮುಲಾಮು ತಿಕ್ಕಿ, ಪಟ್ಟಿ ಬಿಗಿದು, ಬಿಸಿನೀರಿನ ಚೀಲ ಇಟ್ಟುಕೊಂಡು, ಹಲ್ಲು ಕಚ್ಚಿ ಕೆಲಸಕ್ಕೂ ಹೋದ. ಜ್ವರ ಏರಿ ಬಿದ್ದಾಗ ಪಕ್ಕದ ಖೋಲಿಯವರು ಆಸ್ಪತ್ರೆಗೆ ಸೇರಿಸಿ ನಮಗೆ ಫೋನು ಮಾಡಿದರು. ಒಳಗೆ ಅಪೆಂಡಿಕ್ಸ್ ಒಡೆದು ವಿಷ ಏರಿದೆ, ತಕ್ಷಣ ಕೊಯ್ಯಬೇಕು, ತಡವಾಗಿದೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಒಳಗೆ ಒಯ್ಯುವ ಮುಂಚೆ ನರ್ಸ್ ಬಂದಳು. ಚಿಕ್ಕ ವಯಸ್ಸಿನವಳು, ಮೃದುವಾಗಿ ಹೇಳಿದಳು.

"ದಾದಾ, ಗಳ್ಯಾತಲಂ ಕಾಢಾವಂ ಲಾಗೇಲ."

ಕೊರಳಲ್ಲಿರುವುದನ್ನು ತೆಗೆಯಬೇಕು. ಅಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಬಿಡಿಸಿದ. ಕಾಕಾ ಅದನ್ನು ನೋಡಲಿಲ್ಲ, ಅಪ್ಪನ ಹೆಗಲಾಚೆ ನನ್ನನ್ನು ಹುಡುಕಿದ. ನನ್ನ ಎಡಗೈ ಆಗಲೇ ಮುಂದೆ ಬಂದಿತ್ತು. ಅವನಿಗೆ ತಲೆ ಬಗ್ಗಿಸಲು ಆಗಲಿಲ್ಲ. ನಾನೇ ಅವನ ತಲೆ ಎತ್ತಿ ಹಿಡಿದು ದಾರ ತೆಗೆದೆ. ಕರಡಿಗೆ ಸುಡುತ್ತಿತ್ತು.

"ಬ್ಯಾಸರ ಆಗ್ತಿತ್ತೇನು ನಿನಗ, ಅಲ್ಲೆ ಕೂತು ಕೂತು?" ಎಂದು ಕೇಳಿದ.

"ಭಾಳ."

ನಕ್ಕ. ನಗುವುದೂ ಅವನಿಗೆ ನೋಯುತ್ತಿತ್ತು.

"ಮತ್ತ ಯಾಕ ಬರ್ತಿದ್ದಿ?"

"ನೀ ಕರೀತಿದ್ದೆಲ್ಲ."

ಬಾಗಿಲು ಮುಚ್ಚಿತು. ನಾನು ಗೋಡೆಯ ಬದಿಯ ಬೆಂಚಿನ ಮೇಲೆ ಕೂತೆ. ಬಾಳ್ಯಾ ಮತ್ತು ಹಳೆಯ ಮಂಡಳಿಯ ಕೆಲವರು ಬಂದರು. ಎಲ್ಲರಿಗೂ ಹೊಟ್ಟೆ ಬಂದಿತ್ತು, ಕೂದಲು ಉದುರಿತ್ತು. ನನ್ನ ಕೈ ನೋಡಿ ಅವರು ಸ್ವಲ್ಪ ದೂರ ನೆಲದ ಮೇಲೆ ಕೂತರು. ಅಪ್ಪ ಕೂರಲಿಲ್ಲ. ನಿವೃತ್ತಿಯಾಗಿ ವರ್ಷವಾಗಿದ್ದರೂ ಇಸ್ತ್ರಿ ಮಾಡಿದ ಅಂಗಿಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಬಂದಿದ್ದ. ಆ ಉದ್ದನೆಯ ದಾರಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದ. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ನನಗೆ ಮಾತು ಕೇಳಿಸಲಿಲ್ಲ, ಕೈ ಇಟ್ಟದ್ದು ಕಂಡಿತು. ಬಾಳ್ಯಾ ಜೋರಾಗಿ ಅತ್ತ. ನಾನು ಏಳಲಿಲ್ಲ. ಎದ್ದು ಓಡಬೇಕು, ಒಳಗೆ ಹೋಗಿ ನೋಡಬೇಕು ಎಂದು ಕಾಲು ಹೇಳುತ್ತಿತ್ತು, ಆದರೆ ನನಗೆ ಕಲಿಸಿದ್ದು ಕೂರುವುದನ್ನು. ಕಾಗದಗಳು ಆಗಬೇಕು, ಸಂಜೆ ದೇಹ ಕೊಡುತ್ತೇವೆ ಎಂದರಂತೆ. ಬಾಳ್ಯಾ ಮುಖ ಒರೆಸಿಕೊಂಡು ಗೆಳೆಯರ ಜೊತೆ ಮುಂದಿನ ವ್ಯವಸ್ಥೆಗೆ ಹೋದ.

ಅಪ್ಪ ಬಂದು ನನ್ನ ಪಕ್ಕ ಕೂತ. ಪೆನ್ನನ್ನು ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟು, ತನ್ನ ಬಲಗೈ ಚಾಚಿದ.

"ಕೊಡು ಇಲ್ಲೆ. ಸ್ವಲ್ಪ ಹೊತ್ತು ನಾ ಹಿಡೀತೀನಿ."

"ಎಡಗೈ ಅಪ್ಪಾ."

ಅವನು ಕೈ ಬದಲಿಸಿದ. ನಾನು ಕರಡಿಗೆಯನ್ನು ಅವನ ಅಂಗೈಯಲ್ಲಿಟ್ಟು, ಆ ಕೈಯನ್ನು ಅವನ ಮಡಿಲಿಗೆ ಇಳಿಸಿ, ಬಲಗೈಯನ್ನು ಮೇಲೆ ಮುಚ್ಚಿದೆ. ತಮ್ಮನದ್ದನ್ನು ಅವನು ಅದುವರೆಗೆ ಮುಟ್ಟಿ ನೋಡಿರಲಿಲ್ಲ. ಎದುರಿನ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೇಳಿದ.

"ಎಷ್ಟೊತ್ತು ಹಿಂಗ ಹಿಡಕೊಂಡು ಕೂಡಬೇಕವಾ?"

"ಅವ ಬರೂತನಕ, ಅಪ್ಪಾ."